ಮೂರನೆಯ ಲಕೋಟೆ

ಮೊದಲನೆಯದು ಫಿಲೋಮಿನಾ ಮೇಡಂ ಬರೆದದ್ದು.
ಕೇಳಲು ಹೋದಾಗ ಲ್ಯಾಬಿನ ಸಿಂಕಿನಲ್ಲಿ
ಪಿಪೆಟ್ಟು ತೊಳೆಯುತ್ತಿದ್ದರು. ತಿರುಗದೆಯೇ ಅಂದರು:
'ನಿನ್ನ ಬಗ್ಗೆ ನನಗೆ ಗೊತ್ತಿಲ್ಲದ್ದು
ಹತ್ತು ಸಾಲು ಬರೆದುಕೊಡು.'
ರಾತ್ರಿಯಿಡೀ ಕೂತೆ. ಆರು ಸಾಲಿಗೆ ಮುಗಿದುಹೋದೆ.
ಏಳನೆಯದಕ್ಕೆ ಸುಮ್ಮನೆ,
ಅಪ್ಪನ ಇಸ್ತ್ರಿ ಗಾಡಿ ಮಲ್ಲೇಶ್ವರದಲ್ಲಿ
ಹೊಂಗೆಮರದ ಕೆಳಗಿದೆ, ಸಂಜೆ ಬಟ್ಟೆ
ಮನೆಮನೆಗೆ ಮುಟ್ಟಿಸುವುದು ನಾನು, ಎಂದು ಬರೆದೆ.
ಮೇಡಂ ಅದೊಂದಕ್ಕೇ ಕೆಂಪು ಗೆರೆ ಎಳೆದು
ಚೀಟಿ ಕೋಟಿನ ಜೇಬಿಗಿಟ್ಟರು.

ಎರಡನೆಯದು ನಿಸಾರ್ ಸರ್. ಕಾಗದವಲ್ಲ, ಲಿಂಕು.
ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಅವರ ಮನೆಯಲ್ಲಿ ಕರೆಂಟು ಹೋಗಿ
ಸ್ಕೂಟರಿನಲ್ಲಿ ಯಶವಂತಪುರದ ತಂಗಿಯ ಮನೆಗೆ ಓಡಿ
ಅಲ್ಲಿಂದ ಕಳಿಸಿದರಂತೆ.
ಅವರು ಹೇಳಲಿಲ್ಲ. ತಂಗಿಯ ಮಗಳು ನನ್ನ ಜೂನಿಯರ್,
ನಗುತ್ತ ಹೇಳಿದಳು:
'ಡಿಲಿಜೆಂಟ್‌ಗೆ ಎಲ್ ಒಂದಾ ಎರಡಾ ಅಂತ
ಮಲಗಿದ್ದ ಅಮ್ಮನ್ನ ಎಬ್ಬಿಸಿ ಕೇಳಿದ್ರು ಮಾಮು.'

ಮೂರನೆಯದು ರುದ್ರಮುನಿ ಮೇಷ್ಟ್ರದು. ಕನ್ನಡ ವಿಭಾಗ.
ಊರೆಲ್ಲ ವರ್ಲಕ್ಸ್ಮಿ ಅನ್ನುವಲ್ಲಿ
ಹಾಜರಿ ಕೂಗುವಾಗ ಒಂದು ಒತ್ತೂ ನುಂಗದೆ
ವರಲಕ್ಷ್ಮಿ ಎಂದವರು.
ಇಂಗ್ಲಿಷಿನಲ್ಲಿ ಬೇಕಂತೆ ಸಾರ್, ಎಂದೆ.
ಕನ್ನಡಕ ಒರೆಸಿಕೊಂಡರು.
'ನನಗೆ ಬರೋ ಇಂಗ್ಲಿಷಿನಲ್ಲಿ
ನೀನು ಸಾಧಾರಣ ಹುಡುಗಿ ಆಗಿಬಿಡ್ತೀಯಮ್ಮ.'

ಉದ್ದನೆಯ ಬಿಳಿ ಲಕೋಟೆ. ಅಂಟಿಸಿದ ಬಾಯಿಗೆ ಅಡ್ಡಲಾಗಿ
ನೀಲಿ ಸಹಿ, ಅರ್ಧ ಮುಚ್ಚಳದ ಮೇಲೆ, ಅರ್ಧ ಬೆನ್ನ ಮೇಲೆ,
ನಡುವೆ ಕೆಂಪು ಅರಗು.
ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸುವ ನೂಕಿಗೆ
ಮುದುಡಿಹೋಯಿತು.
ಅಪ್ಪ ಕೈ ಒರೆಸಿಕೊಂಡು ನೋಡಿದ.
'ಹಿಂಗೇ ಕೊಡ್ತೀಯ? ತಾ ಇಲ್ಲಿ.'
ಕೆಂಡದ ಇಸ್ತ್ರಿ ಎತ್ತಿಯೂ ಬಿಟ್ಟ.
ಅರಗು ಕರಗುತ್ತಪ್ಪಾ!
ಆಮೇಲೆ ಹಳೇ ಪಂಚೆಯ ಮಡಿಕೆಯೊಳಗಿಟ್ಟು
ಮುದ್ರೆಯನ್ನು ಬಳಸಿಕೊಂಡು, ಮಗುವಿನ ಅಂಗಿಯ ಕತ್ತು ತಿದ್ದುವ ಹಾಗೆ,
ಬರೀ ಅಂಚು ಅಂಚು.

ಕೌಂಟರಿನಾಕೆ ಮೇಲಿನ ಅಕ್ಷರ ನೋಡಿಯೇ ವಾಪಸು ಕೊಟ್ಟಳು.
ಎರಡು ಬಂದಿದೆ, ಸಾಕು, ನೆಕ್ಸ್ಟ್.
ಆ ಎರಡರಲ್ಲೇ ಎಮ್ಮೆಸ್ಸಿಗೆ ಸೀಟು ಸಿಕ್ಕಿತು.

ಫಿಲೋಮಿನಾ ಮೇಡಂಗೆ ಒಂದು ಕೇಜಿ ಸೀಬೆಹಣ್ಣು ಒಯ್ದೆ.
'ಉಪ್ಪು ಖಾರ ಎಲ್ಲಿ?' ಅಂದರು.
ನಿಸಾರ್ ಸರ್‌ಗೆ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಬೆಲ್ಲು ಹೊಡೆಯಿತು,
ಅವರಿಗೆ ಅದರಿಂದ ನಿರಾಳವಾಯಿತು.

ಮೇಷ್ಟ್ರೇ, ನಿಮ್ಮ ಮೇಜಿನ ಮುಂದೆ ಮಾತ್ರ
ತುಂಬಾ ಹೊತ್ತು ನಿಂತಿದ್ದೆ.
'ಕೆಲಸಕ್ಕೆ ಬಂತೇನಮ್ಮ?' ಎಂದಿರಿ.
ಬಂತು ಸಾರ್, ಎಂದೆ.
ಹೇಳಿದ ಮೇಲೆ ಸುಳ್ಳು ಅನ್ನಿಸಲಿಲ್ಲ. ಈಗಲೂ ಇಲ್ಲ.

ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಇಟ್ಟಿದ್ದೇನೆ.
ಹೊಸ ಕ್ಲಾಸಿನಲ್ಲಿ ಯಾರೋ ನನ್ನ ಉಚ್ಚಾರಕ್ಕೆ ನಕ್ಕ ದಿನ,
ಮೂರನೇ ಸಲವೂ ಟೈಟ್ರೇಶನ್ನು ಕೆಟ್ಟ ದಿನ
ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತೇನೆ.
ಒಡೆಯುವುದಿಲ್ಲ.
ಒಳಗಿರುವವಳ ಪರಿಚಯ ನನಗಿನ್ನೂ ಇಲ್ಲ,
ಅವಳೆದುರು ಈ ಮುಖದಲ್ಲಿ ಹೋಗಲಾರೆ.

ಶನಿವಾರ ನಿಮ್ಮ ನಾಲ್ಕು ಅಂಗಿ ಗಾಡಿಗೆ ಬರುತ್ತವೆ.
ಅಪ್ಪ ಕಾಲರಿಗೆ ಎರಡೆರಡು ಸಲ ನೀರು ಚಿಮುಕಿಸುತ್ತಾನೆ.
ದುಡ್ಡು ಬೇಡ ಅಂದು, ನಿಮ್ಮಿಂದ ಬೈಸಿಕೊಂಡು, ತಗೊಳ್ಳುತ್ತಾನೆ.
ನಿನ್ನೆ ನಿಮ್ಮ ಅಂಗಿ ಮಡಿಸುತ್ತ ಕೇಳಿದ:
'ಏನು ಬರ್ದಿದಾರೋ ನಿನ್ನ ಮೇಲೆ?'
ಗೊತ್ತಿಲ್ಲಪ್ಪ.
ಕೆಂಡದ ಬೂದಿ ಊದಿದ.
'ಅವತ್ತು ಬಿಸಿ ಇಟ್ಟಾಗ ಕೈಗೆ ತಿಳೀತು ಕಣೆ.
ಒಂದಲ್ಲ. ಮೂರು ಹಾಳೆ ಐತೆ.'