ತುದಿಗೆ ಯಾಕೆ ತೂತಿಲ್ಲ

ಮೂವತ್ತೆಂಟು ವರ್ಷ ಬಂದರಿನ ದಕ್ಕೆಯಲ್ಲಿ
ಬೋಟುಗಳ ಹೊಟ್ಟೆಯಿಂದ ನೀರು ತೆಗೆದವ ನಾನು,
ಬೊಕ್ಕಪಟ್ಣದ ಲೋಕಪ್ಪ ಶ್ರೀಯಾನ್.
ಪಂಪು ಕಟ್ಟಿದರೆ ಕಿವಿಯಲ್ಲೇ ತಿಳಿಯುತ್ತದೆ:
ಗಾಳಿ ಎಳೆಯುತ್ತಿದೆಯೋ, ಮೀನಿನ ಪರೆ ಸಿಕ್ಕಿದೆಯೋ,
ವಾಶರು ಸವೆದಿದೆಯೋ.
ನನ್ನದೇ ಕಟ್ಟಿದ ರಾತ್ರಿ ಏನೂ ತಿಳಿಯಲಿಲ್ಲ.
ರಿಕ್ಷಾದ ಕಂಬಿ ಹಿಡಿದು ಹಂಪನಕಟ್ಟೆಯವರೆಗೆ
ಹೊಂಡಕ್ಕೊಂದು ದೈವದ ಹೆಸರು.
ಹೊಂಡವೇ ಹೆಚ್ಚಾಯಿತು.

ವೆನ್ಲಾಕಿನಲ್ಲಿ ಸಿಸ್ಟರ್ ಅಪೊಲಿನ್ ಕವರು ಹರಿದು ತೆಗೆದದ್ದು
ಹುರಿದ ಬೊಂಡಾಸಿನ ಬಣ್ಣದ ರಬ್ಬರ್ ಕೊಳವೆ.
"ಹದಿನಾರು ನಂಬರು," ಅಂದರು.
ಬೋಲ್ಟಿನ ಹಾಗೆ ಇದಕ್ಕೂ ಸೈಜು ಉಂಟು,
ಮೂರರಿಂದ ಭಾಗಿಸಿದರೆ ಮಿಲಿಮೀಟರು.
ಐದೂ ಕಾಲು, ಚೂರು ಮೇಲೆ. ಆ ಉರಿಯಲ್ಲೂ ಲೆಕ್ಕ ಹಾಕಿದೆ,
ಲೆಕ್ಕ ಮುಗಿಯುವ ಮೊದಲೇ ಚೀಲದಲ್ಲಿ ಸದ್ದು.
ನಾಚಿಕೆಯಾ? ಮಾರಾಯ್ರೆ,
ಊರೆಲ್ಲ ನಿಂತು ನೋಡಿದ್ದರೂ ಕೈಮುಗಿಯುತ್ತಿದ್ದೆ.

ಬೆಳಿಗ್ಗೆ ಕೇಳಿದೆ, ತುದಿಗೆ ಯಾಕೆ ತೂತಿಲ್ಲ?
ಸಿಸ್ಟರು ಹೊಸದೊಂದನ್ನು ಕವರಿನೊಳಗಿಂದಲೇ ತೋರಿಸಿದರು.
ತುದಿ ಮೊಂಡು. ಅದು ದಾರಿ ಕೇಳಿಕೊಂಡು ಹೋಗಬೇಕು,
ಕೊರೆದುಕೊಂಡಲ್ಲ.
ಕಣ್ಣು ಪಕ್ಕದಲ್ಲಿ, ಎರಡು,
ಸರಿಯಾಗಿ ಎದುರುಬದುರು ಅಲ್ಲ, ಒಂದು ಚೂರು ಹಿಂದೆ:
ಎದುರುಬದುರು ಕೊರೆದರೆ ಅಲ್ಲೇ ಮಡಚೀತು ಕೊಳವೆ.
ಅದನ್ನು ನಾನು ಕೇಳದೆ ತಿಳಿಯಬೇಕಿತ್ತು.

ಒಂದೇ ಕೊಳವೆಯಲ್ಲಿ ಎರಡು ಓಣಿ.
ದೊಡ್ಡದರಲ್ಲಿ ಹೊರಗೆ ಬರುವ ನೀರು,
ನೂಲಿನಷ್ಟು ಸಣ್ಣದರಲ್ಲಿ ಒಳಗೆ ಹೋದ ಹತ್ತು ಸಿ.ಸಿ.,
ಪುಗ್ಗೆಯಾಗಿ ಕೂತ ಲಂಗರು.
ನಮ್ಮ ಲಂಗರು ಕಚ್ಚಿ ಹಿಡಿಯುತ್ತದೆ; ಇದು ಉಬ್ಬಿ.
ಮಾಡಿದವನಿಗೆ ಒಂದು ಚಾ ಕುಡಿಸಬೇಕು ಅನ್ನಿಸಿತು.

ಆದರೆ ತಪ್ಪು ಕಾಣದಿದ್ದರೆ ನಾನು ಮೆಕ್ಯಾನಿಕ್ ಅಲ್ಲ.
ಪುಗ್ಗೆ ಕೆಳಗೆ, ಕಣ್ಣು ಮೇಲೆ.
ಹಾಗಾದರೆ ಕಣ್ಣಿನ ಕೆಳಗಿನ ನೀರು?
ಬೋಟಿನ ತಳದಲ್ಲೂ ಪಂಪಿಗೆ ಸಿಗದ ಎರಡು ಬೆರಳು ನೀರು ಇರುತ್ತದೆ,
ನಾತ ಹುಟ್ಟುವುದು ಅಲ್ಲಿಯೇ.
ಡೀಸೆಲ್ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದೆ:
ಪುಗ್ಗೆಯ ಬುಡದಲ್ಲಿ ಮೂರನೇ ಕಣ್ಣು.

ಪಕ್ಕದ ಮಂಚದ ಪುತ್ತುಮೋನು ಚೀಟಿ ಇಸಕೊಂಡ.
ದೇರಳಕಟ್ಟೆಯಲ್ಲಿ ಮೂರನೇ ಮಾಳಿಗೆಗೆ ಬಣ್ಣ ಹೊಡೆಯುತ್ತ ಬಿದ್ದವ,
ಎದೆಯಿಂದ ಕೆಳಗೆ ಸುದ್ದಿಯಿಲ್ಲ, ಕೊಳವೆಗೆ ಐದನೇ ವರ್ಷ.
ತುಂಬ ಹೊತ್ತು ನೋಡಿ ಹೇಳಿದ:
"ಕಣ್ಣು ಎಷ್ಟು ಬೇಕಾದರೂ ಇಡಿ ಲೋಕಪ್ಪಣ್ಣ.
ಮೂರು ವಾರಕ್ಕೆ ಎಲ್ಲ ಕಣ್ಣಿಗೂ ಸುಣ್ಣ ಕಟ್ಟುತ್ತದೆ.
ಕಟ್ಟಿದ್ದು ನನಗೆ ಗೊತ್ತಾಗುವುದಿಲ್ಲ.
ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ,
ಆಗ ಹೆಂಡತಿ ಚೀಲ ನೋಡುತ್ತಾಳೆ."

ನಾಲ್ಕನೇ ದಿನ ನನ್ನ ಪುಗ್ಗೆಯ ನೀರು ಎಳೆದರು. ಕೊಳವೆ ಬಂತು.
ಬಕೆಟ್ಟಿಗೆ ಬಿದ್ದ ನನ್ನ ಸದ್ದು ಕೇಳಿ
ಪುತ್ತುಮೋನು ಮಲಗಿದಲ್ಲೇ ಚಪ್ಪಾಳೆ ಹೊಡೆದ.
ನಾನು ಅವನ ಮುಖ ನೋಡದೆ ಚಪ್ಪಲಿ ಹುಡುಕಿದೆ.

ಈಗ ಜೂನ್. ಬೋಟುಗಳೆಲ್ಲ ದಡ ಹತ್ತಿವೆ.
ಅಡಿಮೈಗೆ ಹಿಡಿದ ಚಿಪ್ಪುಗಳನ್ನು ಉಳಿಯಿಂದ ಎಬ್ಬಿಸುತ್ತ ಕೂತಿದ್ದೇನೆ.
ತಾಮ್ರದ ಬಣ್ಣ ಒಂದು ಉಂಟು,
ಹೊಡೆದರೆ ಒಂದು ವರ್ಷ ಇವು ಹತ್ತಿರ ಸುಳಿಯುವುದಿಲ್ಲ.
ಮೈಯೊಳಗೆ ಹೊಡೆಯುವಂಥದ್ದು ಯಾರಾದರೂ ಮಾಡಿದ್ದಾರೋ,
ಕೇಳಬೇಕು. ಬಣ್ಣದವ ಅವನೇ.
ಕ್ಯಾಲೆಂಡರಿನಲ್ಲಿ ಅವನ ಮೂರನೇ ವಾರಕ್ಕೆ ಗುರುತು ಹಾಕಿದ್ದೇನೆ, ಮಂಗಳವಾರ.
ಮಳೆ ನಿಂತರೆ ಹೋಗುವುದು.
ನಿಲ್ಲದಿದ್ದರೂ.