ಗಮನ

ಸೊಹಾರಿನ ಆಸ್ಪತ್ರೆ, ಎರಡನೇ ಮಹಡಿ.
ಸೋರುವ ಏಸಿಯ ಕೆಳಗೊಂದು ಬಕೆಟ್ಟು.
ನನ್ನ ಮುಂದೆ ಹದಿನೆಂಟು ಪ್ರಶ್ನೆ,
ಪ್ರತಿ ಪ್ರಶ್ನೆಯ ಪಕ್ಕ ನಾಲ್ಕು ಮನೆ:
ಇಲ್ಲವೇ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ.

ಅರಬ್ಬಿಯ ಪ್ರತಿಯನ್ನು ಡಾಕ್ಟರ್ ಬುಥೈನಾ ತಿದ್ದಿದರು.
'ಮೊದಲು ಎಣಿಸೋಣ, ಆಮೇಲೆ ಔಷಧ,
ನಿಮ್ಮವರು ಬಂದರೆ ನೀನೇ ಕೇಳು' ಎಂದು
ಕನ್ನಡವನ್ನು ನನಗೆ ಬಿಟ್ಟರು.
ಮೊದಲ ಪದಕ್ಕೇ ಎಡವಿದೆ.
ಗಮನ ಅಂದರೆ ಲಕ್ಷ್ಯ, ಸರಿ;
ಹೋಗುವುದು ಅಂತಲೂ ಉಂಟಲ್ಲ!
ಬಜ್ಪೆಯಲ್ಲಿ ಎಷ್ಟು ಸಲ ಓದಿಲ್ಲ,
ಆಗಮನ ಆ ಬಾಗಿಲು, ನಿರ್ಗಮನ ಈ ಬಾಗಿಲು.

ಗಮನದ ಕೊರತೆ ಎಂದು ಕಾಗದದ ನೆತ್ತಿಯಲ್ಲಿ.
ಈ ಎಂಟು ವರ್ಷದ ನಿಶಾಂಕನಿಗೆ ಅದರದ್ದೇನು ಕೊರತೆ?
ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಮೇಜಿನಡಿಗೆ,
ಬಕೆಟ್ಟಿನ ತೊಟ್ಟು ನಲವತ್ತೊಂದರವರೆಗೆ ಎಣಿಸಿ
ಸಾಕಾಗಿ, ಕಾವಲುಗಾರನ ಬೀಗದ ಗೊಂಚಲಿಗೆ.

ಅಪ್ಪ, ಯಶವಂತ ಕಾಂಚನ್, ಬಂದರಿನ ಕ್ರೇನಿನವರು,
ರಾತ್ರಿ ಪಾಳಿ ಮುಗಿಸಿ ಬೂಟಿನ ಧೂಳಿನೊಂದಿಗೇ ಬಂದವರು.

'ಕೂತಲ್ಲಿ ಕೂರುವುದು ಕಷ್ಟವಾ?'
'ಯಾವಾಗಲೂ. ಏಳನೇ ಕ್ಲಾಸಿನವರೆಗೆ.
ಮತ್ತೆ ಶಾಲೆಯೇ ಬಿಟ್ಟೆನಲ್ಲ.'
'ನಿಮ್ಮದಲ್ಲ, ಮಗನದ್ದು ಹೇಳಿ.'
'ಓ. ಅವನದ್ದೂ ಅದೇ ಬರೆಯಿರಿ.'
'ವಸ್ತು ಕಳೆದುಕೊಳ್ಳುವುದು?'
'ಲೇಬರ್ ಕಾರ್ಡು ಮೂರು ಸಲ.'
'ಪ್ರಶ್ನೆ ಮುಗಿಯುವ ಮೊದಲೇ –'
'ಹ್ಞಾಂ, ಉತ್ತರ ಕೊಡ್ತೇನೆ.'

ನಗು ಬಂತು, ಇಬ್ಬರಿಗೂ.
'ಮೇಲೆ, ಕ್ರೇನಿನಲ್ಲಿ?' ಕೇಳಿಬಿಟ್ಟೆ,
ಕಾಗದದಲ್ಲಿ ಇಲ್ಲದ್ದು.
'ಅಲ್ಲಿ ಎಂತ ತೊಂದರೆ ಇಲ್ಲ ಮಾರಾಯ್ರೆ.
ಕೆಳಗೆ ಕಂಟೇನರ್ ತೂಗ್ತಾ ಉಂಟು, ಗಾಳಿ ಉಂಟು,
ವಾಕಿಯಲ್ಲಿ ಮೂರು ಭಾಷೆಯ ಬೈಗಳು,
ತಲೆ ಮಾತ್ರ ತಣ್ಣಗೆ.
ಇಳಿದು ಗೇಟು ದಾಟಿದ ಮೇಲೆಯೇ ಎಲ್ಲ ಶುರು.
ಸಣ್ಣಾಗಿರುವಾಗ ಟೀಚರೊಬ್ಬರು
ಕಾಲನ್ನು ಶಾಲಿನಿಂದ ಬೆಂಚಿಗೆ ಕಟ್ಟಿದ್ದರು.
ನೋವೇನಿಲ್ಲ. ಎಲ್ಲ ನಕ್ಕರು, ಅಷ್ಟೆ.'

ಒಂಬತ್ತು ವರ್ಷ ಬೈಂದೂರಿನಲ್ಲಿ ಪಾಠ ಹೇಳಿದವಳು ನಾನು.
ಕಟ್ಟಿಲ್ಲ ಯಾರನ್ನೂ.
ಬಾಗಿಲ ಹೊರಗೆ ನಿಲ್ಲಿಸಿದ್ದೇನೆ, ಒಬ್ಬನನ್ನು, ಹೆಚ್ಚುಕಡಿಮೆ ಒಂದು ಮಳೆಗಾಲ.
ಹೆಸರು ಮರೆತಿದೆ.
ಬಲ ಮಂಡಿಯ ಹಳೆ ಗಾಯ ಮರೆತಿಲ್ಲ.

ಕೈ ತಾನಾಗಿ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿತ್ತು:
ತಂದೆಗೂ ಇರಬಹುದೇ?
ತಲೆಕೆಳಗಾದ ಅಕ್ಷರವನ್ನೂ ಓದಿದರು ಅವರು,
ಅಷ್ಟು ಗಮನ.
'ಎಂತ ಬರೆದದ್ದು ಅದು? ಬರುವ ತಿಂಗಳು ಕಂಪನಿಯ ಮೆಡಿಕಲ್.
ಗೊತ್ತಾದರೆ ಮೇಲೆ ಹತ್ತಲಿಕ್ಕೆ ಬಿಡ್ತಾರಾ?'
'ಇಲ್ಲಿ ಹೆಸರಿಲ್ಲ, ಬರೀ ನಂಬರು.'
'ಕಾರ್ಡಿನಲ್ಲೂ ನಾನು ನಂಬರೇ ಅಲ್ವಾ ಮೇಡಂ?'

ರಬ್ಬರು ತಿಕ್ಕಿದೆ. ಬೂದು ಪುಡಿ ಊದಿದೆ.
ಹುಡುಗನಿಗೆ ಕೌನ್ಸೆಲರ್ ಸಿಗುವುದು ಆರು ವಾರದ ಮೇಲೆ,
ಅವಳಿಗೆ ಅರಬ್ಬಿ, ಇಂಗ್ಲಿಷು; ಮನೆಯಲ್ಲಿ ಇವರದ್ದು ತುಳು.
'ನಾನು ಬಂದು ಕೂರುತ್ತೇನೆ' ಅಂದೆ.
'ಕೂರ್ಲಿಕ್ಕೆ ಆಗ್ತದಾ ನಿಮಗೆ?' ಅಂದ ಮೇಜಿನಡಿಯಿಂದ ನಿಶಾಂಕ.

ಅವರು ಹೋದರು. ಮೇಜಿನ ಮೇಲೆ ಲೇಬರ್ ಕಾರ್ಡು ಉಳಿದಿತ್ತು.

ಎರಡು ಮಹಡಿ ಇಳಿದು ಓಡಿದೆ, ಚಪ್ಪಲಿ ಕೈಯಲ್ಲಿ,
ಹೊರಗೆ ಬಿಸಿಲು ಮುಖಕ್ಕೆ ಹೊಡೆಯಿತು.
ಕಾರಿನ ಬಾಗಿಲು ತೆರೆದೇ ಇತ್ತು; ಅಪ್ಪ ಮಗ
ಬಗ್ಗಿ ಕೀಲಿಕೈ ಹುಡುಕುತ್ತಿದ್ದರು.
ಕಾರ್ಡು ಕೊಟ್ಟೆ. 'ನಾಲ್ಕನೆಯದು ಆಗ್ತಿತ್ತು' ಎಂದು
ಎಣಿಕೆ ತಪ್ಪದೆ ಹೇಳಿದರು.
ಕೀಲಿ ಅವರ ಇನ್ನೊಂದು ಕೈಯಲ್ಲೇ ಇತ್ತು.

ಮೇಲೆ ಬಂದೆ. ಬಕೆಟ್ಟು ತುಂಬಿ ಚೆಲ್ಲಿ
ನೀರಿನದೊಂದು ಸಣ್ಣ ಎಳೆ
ಫೈಲುಗಳನ್ನು ಬಳಸಿಕೊಂಡು
ಬಾಗಿಲ ಕಡೆ ಹೊರಟಿತ್ತು.