ತಟ್ಟಿ ನೋಡುವುದು

ಫೆರ್ಲಾಖ್ ಪೇಟೆಯ ಗಾಜಿನೊಳಗೆ
ಡಬಲ್ ರೈಫಲ್ಲಿನ ಬೆಲೆಚೀಟಿ ಮಗುಚಿಟ್ಟಿದೆ.
ಮಗುಚಿಟ್ಟಿದ್ದಾರೆಂದರೆ ತಿಳಿಯಿತಲ್ಲ,
ನನ್ನದಲ್ಲ ಅದು.
ಚಳಿಗಾಲವಿಡೀ ಸ್ಕೀ ಲಿಫ್ಟಿನ ಗುಂಡಿ ಒತ್ತಿದವ ನಾನು,
ಜೇಬಿನಲ್ಲಿ ಒಂಬೈನೂರು ಯೂರೋ,
ಅದರಲ್ಲೂ ನಲವತ್ತು ಹಲ್ಲಿನ ಡಾಕ್ಟರಿಗೆ.

ನೊಟ್‌ಬುರ್ಗಾ ಒಳಗಿನಿಂದ ಇನ್ನೊಂದು ತಂದಳು:
ಮೇಲೆ ಚರೆಯ ನಳಿಗೆ, ಕೆಳಗೆ ಗುಂಡಿನದು.
ನರಿಗೂ ಆಯಿತು, ಜಿಂಕೆಗೂ ಆಯಿತು,
ಹಾಲಿಗೂ ಸೂಪಿಗೂ ಒಂದೇ ಪಾತ್ರೆ ಇದ್ದ ಹಾಗೆ.
ಮರದ ಹಿಡಿಯಲ್ಲಿ ಯಾವುದೋ ನಾಯಿಯ ಹಲ್ಲಿನ ಗುರುತು.

"ಬೆಸುಗೆ?" ಎಂದೆ.
ಮಾತಾಡಲಿಲ್ಲ. ನಳಿಗೆ ಕಳಚಿ
ಕಿರುಬೆರಳಿಗೆ ತೂಗುಬಿಟ್ಟು
ಮರದ ಸೌಟಿನಿಂದ ಮೆಲ್ಲಗೆ ತಟ್ಟಿದಳು.
ಠಣ್ ಎಂದದ್ದು ನಿಲ್ಲಲೇ ಇಲ್ಲ,
ಮೇಜಿನ ಕಾಫಿಯೂ ಕೇಳಿಸಿಕೊಂಡು ನಡುಗಿತು.
ಬೆಸುಗೆ ಬಿಟ್ಟಿದ್ದರೆ
ಒಡಕು ಮಡಕೆಯ ಹಾಗೆ ಬದ್ ಎನ್ನುತ್ತದಂತೆ.

"ಐವತ್ತು ಮೀಟರಿಗೆ ಎರಡೂ ಒಂದೇ ಕಡೆ ಮುಟ್ಟುತ್ತವೆ.
ಆಮೇಲೆ ಅದರದರ ದಾರಿ"
ಎಂದಳು, ಗೋಡೆಯ ಫೋಟೋ ನೋಡದೆ.

ಎಂಟುನೂರೈವತ್ತಕ್ಕೆ ಮುಗಿಯಿತು.
ಚರ್ಮದ ಪಟ್ಟಿ ಮಾತ್ರ ಬಿಚ್ಚಿಕೊಂಡಳು:
"ಇದು ಲೆಕ್ಕದಲ್ಲಿಲ್ಲ,
ಎಗೀಡನ ಹೆಗಲಿನ ಬೆವರು ಕುಡಿದದ್ದು."

ಬಸ್ಸಿನಲ್ಲಿ ಮಡಿಲ ಮೇಲೆ ಉದ್ದನೆಯ ಚೀಲ.
ಘಟ್ಟದ ತಿರುವಿನಲ್ಲಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದೆ.
ಕಂಬಳಿ ಸುತ್ತಿದ್ದಕ್ಕೋ ಏನೋ,
ಏನೂ ಕೇಳಿಸಲಿಲ್ಲ.
ಮುಂದಿನ ಸೀಟಿನ ಹುಡುಗಿ ತಿರುಗಿ ನೋಡಿದಳು:
ಒಳಗಿರುವುದು ಪಿಟೀಲೇ?
ಹ್ಞೂಂ ಎಂದೆ.
ಇನ್ನೂ ನುಡಿಸಲು ಬರುವುದಿಲ್ಲ.